ಬೊಟ್ಟಿಲ್ಲದ ಗಿಟಾರು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಒಳ್ಳೆಯ ಮಾತೇ. ಆದರೆ ಸತ್ತವರು ಬಿಟ್ಟುಹೋದ ಸುಳ್ಳನ್ನು ಬದುಕಿದವರು ದಿನಾ ಹೊತ್ತು ತಿರುಗಬೇಕಲ್ಲ, ಅದಕ್ಕೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ.

ಮಸ್ಕಿಯ ರಿಪೇರಿ ಕಾಕಾ ಹೋದ ತಿಂಗಳು ತೀರಿಕೊಂಡ. ಅವನ ನುಡಿನಮನಕ್ಕೆ ನನ್ನನ್ನೂ ಕರೆದಿದ್ದರು. "ನಿಮ್ಮಷ್ಟು ಅವರನ್ನ ಬಲ್ಲವರು ಯಾರದಾರ್ರಿ ಮೇಡಂ? ನಿಮ್ಮಪ್ಪಾರ ಗಿಟಾರ್ ತಗೊಂಡು ಬರ್ರಿ, ಎರಡು ಮಾತು ಹೇಳ್ರಿ" ಅಂದರು. ಗಿಟಾರು ಒಯ್ದೆ. ಎರಡು ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆದರೆ ಮಸ್ಕಿ ಮಂದಿ ಬಡಿಗೆ ಹಿಡಿದು ಸಿಂಧನೂರಿನ ನನ್ನ ಮನೆ ಬಾಗಿಲಿಗೆ ಬಂದಾರು. ಅವರ ಪಾಲಿಗೆ ಅವನು ಬಂಗಾರದಂಥ ಮನುಷ್ಯ. ಇನ್ನು ಏಕವಚನದ ವಿಷಯ. ನಮ್ಮ ಕಡೆ ಕಾಕಾನಿಗೆ 'ಅವನು' ಅನ್ನುವುದು ಹತ್ತಿರದವನೆಂದು, ಸಿಟ್ಟಿನಿಂದಲ್ಲ. ಸಿಟ್ಟೂ ಇದೆ, ಅದು ಬೇರೆ. ನಮ್ಮವ್ವನಿಗೆ ಓದಲು ಬರುವುದಿಲ್ಲ. ಆ ಒಂದು ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಅವನ ಅಂಗಡಿ ಮಸ್ಕಿಯ ಬಸ್ ನಿಲ್ದಾಣದ ಎದುರು, ಗೊಬ್ಬರದ ಅಂಗಡಿಗೂ ಪಂಚರ್ ಅಂಗಡಿಗೂ ನಡುವೆ ಇತ್ತು. ಬೋರ್ಡು ಯಾವ ಕಾಲಕ್ಕೋ ಬಿದ್ದುಹೋಗಿತ್ತು, ಅದರ ಹಲಗೆಯನ್ನೇ ಮೇಜು ಮಾಡಿಕೊಂಡಿದ್ದ. ಆ ಮೇಜಿನ ಮೇಲೆ ಮಸೀದಿಯ ಆಂಪ್ಲಿಫೈಯರು, ಅದರ ನೆತ್ತಿಯ ಮೇಲೆ ಹನುಮಪ್ಪನ ಗುಡಿಯ ಮೈಕು, ಪಕ್ಕದಲ್ಲಿ ಚರ್ಚಿನ ಕೀಬೋರ್ಡು. ಎಲ್ಲ ಒಂದೇ ಕುಟುಂಬದವರಂತೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿರುತ್ತಿದ್ದವು. "ನೋಡು ಮಗಳ, ಹೊರಗ ಎಲ್ಲಾರೂ ಒದರ್ತಾರ. ಇಲ್ಲಿ ಬಂದ್ರ ಬಾಯಿ ಬಂದ್" ಅನ್ನುತ್ತಿದ್ದ. ಕೆಟ್ಟ ವಸ್ತು ತಂದರೆ ಮೊದಲು ಮೂಸಿ ನೋಡುವನು. ಸುಟ್ಟಿದ್ದರೆ ಮೂಗಿಗೇ ಗೊತ್ತಾಗುತ್ತದಂತೆ. ವರ್ಷಾನುಗಟ್ಟಲೆ ಲೌಡ್‌ಸ್ಪೀಕರಿನ ಪಕ್ಕ ನಿಂತು ಒಂದು ಕಿವಿ ಮಂದವಾಗಿತ್ತು. ಅದಕ್ಕೇ ತಂತಿವಾದ್ಯ ಬಂದರೆ ಅದರ ಕಟ್ಟಿಗೆಯನ್ನು ದವಡೆಗೆ ಒತ್ತಿ, ಕಣ್ಣು ಮುಚ್ಚಿ ತಂತಿ ಮೀಟುತ್ತಿದ್ದ. "ಕಿವಿ ಮೋಸ ಮಾಡ್ತಾವ, ಎಲುಬು ಮಾಡಂಗಿಲ್ಲ." ಒಮ್ಮೆ ದವಡೆಗೆ ಮುಟ್ಟಿಸಿದ ವಾದ್ಯವನ್ನು ಅವನು ಮರೆಯುತ್ತಿರಲಿಲ್ಲ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ನಾನು ನೆನಪಿಟ್ಟುಕೊಳ್ಳಲಿಲ್ಲ.

ಹೊಸ ಸಾಮಾನು ಕೊಳ್ಳುವುದೆಂದರೆ ಅವನಿಗೆ ಆಗಿಬರುತ್ತಿರಲಿಲ್ಲ. ಒಂದರ ಹೊಟ್ಟೆಯಿಂದ ತೆಗೆದು ಇನ್ನೊಂದರ ಹೊಟ್ಟೆಗೆ ಹಾಕಬೇಕು, ಆಗಲೇ ಅವನಿಗೆ ಊಟ ರುಚಿ. ಹನುಮಪ್ಪನ ಗುಡಿಯ ಮೈಕು ಕೈಕೊಟ್ಟಾಗ ಮಸೀದಿಯವರು ಬಿಸಾಕಿದ ಹಳೆಯ ಮೈಕಿನ ಕಾಯಿಲ್ ತೆಗೆದು ಹಾಕಿದ್ದ. ಎರಡೂ ಕಡೆಯವರನ್ನು ಕೂರಿಸಿ ಚಹಾ ಕುಡಿಸಿ, ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದ. "ಒಳಗ ಅವರಿಬ್ಬರೂ ಜಗಳಾಡ್ಯಾರೇನು? ಮತ್ತ ನೀವ್ಯಾಕ ಆಡ್ತೀರಿ?" ಅಂಗಡಿಯೆಲ್ಲ ನಕ್ಕಿತ್ತು. ಅವನ ಒಂದು ಮಾತು ಇತ್ತು, ಮಸ್ಕಿಯಲ್ಲಿ ಗಾದೆಯೇ ಆಗಿಹೋಗಿತ್ತು: "ಒಂದು ಸತ್ತರ ನಾಕು ಬದುಕ್ತಾವ."

ಇನ್ನೊಂದು ರೂಢಿ. ರಿಪೇರಿ ಮುಗಿಸಿ ಮುಚ್ಚಳ ಹಾಕುವ ಮುಂಚೆ ಕುಂಕುಮದ ಡಬ್ಬಿಗೆ ಬೆರಳು ಅದ್ದಿ, ಒಳಗೆ ಯಾರಿಗೂ ಕಾಣದ ಮೂಲೆಯಲ್ಲಿ ಒಂದು ಬೊಟ್ಟು ಇಡುತ್ತಿದ್ದ. ಟೇಪ್‌ರೆಕಾರ್ಡರ್ ಆಗಲಿ, ಡಿಜೆ ಪೆಟ್ಟಿಗೆಯಾಗಲಿ, ಚರ್ಚಿನ ಕೀಬೋರ್ಡೇ ಆಗಲಿ, ಬೊಟ್ಟಿಲ್ಲದ ವಸ್ತು ಅವನ ಕೈ ದಾಟುತ್ತಿರಲಿಲ್ಲ. ಕೈ ತಾನಾಗಿಯೇ ಡಬ್ಬಿಗೆ ಹೋಗುತ್ತಿತ್ತು, ಬಾಯಿ ಬೇರೆ ಏನೋ ಮಾತಾಡುತ್ತಿರುತ್ತಿತ್ತು.

ಇದಕ್ಕೆ ಹೊರತು ಒಂದೇ ಒಂದಿತ್ತು. ಅದು ನನ್ನಪ್ಪನ ಗಿಟಾರು.

ಅಪ್ಪ ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಜವಾನನಾಗಿದ್ದ. ಸಂಜೆಯಾದರೆ ಭೀಮಗೀತೆಯ ಮೇಳದಲ್ಲಿ ಗಿಟಾರು. ಏಪ್ರಿಲ್ ತಿಂಗಳ ಭೀಮ ಜಯಂತಿ ಬಂತೆಂದರೆ ಮನೆಯಲ್ಲಿ ಅವನ ಮುಖ ಕಾಣುವುದೇ ಅಪರೂಪ. ಇವತ್ತು ಮಾನ್ವಿ, ನಾಳೆ ದೇವದುರ್ಗ. ಮೇಳದ ಮೈಕ್ ಸೆಟ್ಟಿನವನು ಈ ಕಾಕಾ. ಇಬ್ಬರೂ ಒಂದೇ ತಾಟಿನಲ್ಲಿ ಉಂಡವರು. ಗಿಟಾರನ್ನು ಅಪ್ಪ ಕೊಂಡದ್ದು ಹಟ್ಟಿಯಲ್ಲಿ, ಗಣಿಯ ನೌಕರಿ ಮುಗಿಸಿ ಊರು ಬಿಡುತ್ತಿದ್ದವರೊಬ್ಬರ ಕಡೆಯಿಂದ. ಬಿಳಿ ಬಣ್ಣ, ಎರಡು ಕೊಂಬು, ಹೆಸರಿಲ್ಲ, ಕಂಪನಿ ಗೊತ್ತಿಲ್ಲ. ದನಿ ಏರಿಸಿ ಇಳಿಸುವ ಗುಂಡಿ ಕಳೆದುಹೋಗಿದ್ದಕ್ಕೆ ಅಪ್ಪ ಒಂದು ಸತ್ತ ರೇಡಿಯೋದ ಗುಂಡಿ ಕಿತ್ತು ಸಿಕ್ಕಿಸಿದ್ದ. ಕಂದು ಬಣ್ಣದ್ದು, ಸುತ್ತ ಹಿತ್ತಾಳೆಯ ಬಳೆ, ಗಿಟಾರಿಗೆ ತೀರಾ ದೊಡ್ಡದು. ಅಪ್ಪ ನುಡಿಸುವಾಗ ಅವನ ಕಿರುಬೆರಳು ಸದಾ ಆ ಗುಂಡಿಯ ಮೇಲೇ. ಅದರ ದನಿಯೂ ವಿಚಿತ್ರ. ಸ್ವಲ್ಪ ಮೂಗಿನಲ್ಲಿ ಮಾತಾಡಿದ ಹಾಗೆ, ನೆಗಡಿ ಬಂದು ಎದ್ದವರ ಹಾಗೆ. "ನನ್ನ ಗಂಡನ ಗಿಟಾರಿಗೆ ಯಾವಾಗ್ಲೂ ಪಡಸಿ" ಅಂತ ಅವ್ವ ನಗುತ್ತಿದ್ದಳು. ನೆಗಡಿಗೆ ಅವಳು ಪಡಸಿ ಅನ್ನುವುದು.

ಬೊಟ್ಟಿನ ಕತೆಯನ್ನು ನನಗೆ ಹೇಳಿದವನು ಕಾಕಾನೇ. ಒಂದಲ್ಲ, ಹತ್ತು ಸಲ ಹೇಳಿದ್ದ. ಮೊದಲ ಸಲ ಗಿಟಾರು ರಿಪೇರಿಗೆ ಬಂದಾಗ ಅವನ ಬೆರಳು ಎಂದಿನಂತೆ ಡಬ್ಬಿಗೆ ಹೋಯಿತಂತೆ. ಬೌದ್ಧ ದೀಕ್ಷೆ ತೆಗೆದುಕೊಂಡವನು ನನ್ನಪ್ಪ. ಕೈ ಹಿಡಿದುಕೊಂಡು, "ಲೇ, ನನ್ನ ಹಣಿಮ್ಯಾಲೆ ಇಟಗೊಳ್ಳದ್ದನ್ನ ನನ್ನ ಗಿಟಾರಿಗ್ಯಾಕ ಇಡ್ತಿ?" ಅಂದನಂತೆ. "ಅವತ್ತಿಂದ ಮಗಳ, ಇಷ್ಟು ವರ್ಷ ಅವನ ಗಿಟಾರ್ ಎಷ್ಟ ಸಲ ಬಿಚ್ಚೀನೋ ಏನೋ. ಬೆರಳ ಕುಂಕುಮದಾಗ ಅದ್ದೇ ಬಿಟ್ಟಿರತಿತ್ತು. ನೆನಪಾಗಿ ಲುಂಗಿಗೆ ಒರಸ್ಕೊಂತಿದ್ದೆ. ಅವನ ಗಿಟಾರ್ ಒಂದಕ್ಕ ನಾ ಬೊಟ್ಟ ಇಟ್ಟಿಲ್ಲ." ಹೇಳುವಾಗ ಲುಂಗಿಯ ತುದಿ ಎತ್ತಿ ತೋರಿಸುತ್ತಿದ್ದ, ಅದೇ ಕಲೆ ಇನ್ನೂ ಇದೆಯೇನೋ ಅನ್ನುವಂತೆ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಈ ಕತೆಯಿಂದ. ಗೆಳೆಯನ ಮಾತಿಗೆ ಇಷ್ಟು ಬೆಲೆ ಕೊಡುವವರು ಎಷ್ಟು ಮಂದಿ ಇದ್ದಾರೆ ಅನಿಸುತ್ತಿತ್ತು.

ಅಪ್ಪ ಎದೆನೋವಿನಿಂದ ಹೋದಾಗ ನಾನು ಹೈಸ್ಕೂಲಿನಲ್ಲಿದ್ದೆ. ಮೂರನೆಯ ದಿನ ಅವ್ವ ಗಿಟಾರನ್ನು ತಾನೇ ಬಟ್ಟೆಯಲ್ಲಿ ಸುತ್ತಿ ಕಾಕಾನ ಕೈಗೆ ಕೊಟ್ಟಳು. "ಇಲ್ಲಿ ಗ್ವಾಡಿಗೆ ಹಾಕಿದ್ರ ಹುಳ ಹತ್ತತೈತಿ ತಮ್ಮಾ. ನಿನ್ನ ಕೈಯಾಗ ಇರ್ಲಿ. ಮಗಳ ಕೈ ಬಲತ ಮ್ಯಾಲೆ ಆಕಿಗೆ ಕೊಡು." ಅವನು ಎರಡೂ ಕೈಯಲ್ಲಿ ಇಸಿದುಕೊಂಡ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಒಂದೆರಡು ವರ್ಷವಾಗಿರಬೇಕು. ಒಂದು ಮಧ್ಯಾಹ್ನ ಕಾಕಾ ಅಳುತ್ತಾ ಬಂದ. ಬಾಗಿಲಲ್ಲೇ ಕುಸಿದು ಕೂತ. "ವೈನಿ, ಗಿಟಾರ್ ಹೋತು. ಪ್ರೋಗ್ರಾಮಿಗೆ ಒಯ್ದಿದ್ದೆ. ಬಸ್ಸಿನ ಮ್ಯಾಲೆ ಹಾಕಿದ್ದೆ. ಸಿಂಧನೂರಾಗ ಇಳಿದು ನೋಡ್ತೀನಿ, ಇಲ್ಲ. ಯಾವನೋ ಹೊಡ್ಕೊಂಡ ಹೋಗ್ಯಾನ." ಅವ್ವ ಒಂದು ಗಳಿಗೆ ಗೋಡೆ ಹಿಡಿದು ನಿಂತಳು. ಆಮೇಲೆ ತಂಬಿಗೆಯಲ್ಲಿ ನೀರು ತಂದು ಕೊಟ್ಟು, "ಮನಿಷ್ಯಾನ ಹೋಗ್ಯಾನ, ಗಿಟಾರ್ ಯಾವ ಲೆಕ್ಕ? ಅಳಬ್ಯಾಡ, ಏಳು, ಕೈ ತೊಳಕೊ" ಅಂದಳು. ಬಿಸಿ ರೊಟ್ಟಿ ಬಡಿದು ಹಾಕಿದಳು. ಅವನು ಕಣ್ಣೀರು ಒರೆಸಿಕೊಳ್ಳುತ್ತಾ ಹೊಟ್ಟೆ ತುಂಬ ಉಂಡ. ಅವನು ಹೋದ ಮೇಲೆ ಅವ್ವ ಅಡುಗೆಮನೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಹೋದಾಗ ಅಷ್ಟು ಅತ್ತಿರಲಿಲ್ಲ.

ಅವತ್ತಿನಿಂದ ನನಗೆ ಸಿಂಧನೂರು ಎಂಬ ಊರಿನ ಮೇಲೇ ಹಗೆ. ಬಸ್ಸು ಆ ನಿಲ್ದಾಣದಲ್ಲಿ ನಿಂತರೆ ಕಂಡವರ ಮುಖವೆಲ್ಲ ಕಳ್ಳರ ಹಾಗೆ ಕಾಣುತ್ತಿತ್ತು. ಕಳ್ಳ ಮಸ್ಕಿಯಲ್ಲಿ ಕೂತು ನನಗೇ ಗಿಟಾರು ಕಲಿಸುತ್ತಿದ್ದ. ಹೌದು, ನನಗೆ ಬೆರಳು ಹಿಡಿದು ಕಲಿಸಿದವನೂ ಅವನೇ. ರಿಪೇರಿಗೆ ಬಂದ ಯಾರದೋ ಗಿಟಾರಿನ ಮೇಲೆ, ಶನಿವಾರ ಶನಿವಾರ, ಒಂದು ಪೈಸೆ ಮುಟ್ಟದೆ. "ನಿಮ್ಮಪ್ಪನ ಕೈನ ಬಂದೈತಿ ನಿನಗ" ಅಂದು ತಲೆ ಸವರುತ್ತಿದ್ದ. ಅವನು ಬರೀ ಕೆಟ್ಟವನಾಗಿದ್ದರೆ ನನ್ನ ಕೆಲಸ ಎಷ್ಟು ಸುಲಭವಿತ್ತು!

ವಿಧಿ ನೋಡಿ, ನೌಕರಿ ಸಿಕ್ಕಿದ್ದು ಸಿಂಧನೂರಿನಲ್ಲೇ. ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಅವ್ವನನ್ನು ಕರೆತಂದು ಮನೆ ಮಾಡಿದೆ. ಒಂದು ದಿನ ಕೆಲಸ ಮುಗಿಸಿ ಬರುವಾಗ ಗುಜರಿ ಅಂಗಡಿಯಲ್ಲಿ, ರೈಸ್ ಮಿಲ್ಲಿನ ಹರಿದ ಬೆಲ್ಟುಗಳ, ಕೆಟ್ಟ ಪಂಪ್‌ಸೆಟ್ಟುಗಳ ನಡುವಿಂದ ಎರಡು ಕೊಂಬು ಇಣುಕುತ್ತಿದ್ದವು. ಎಳೆದು ನೋಡಿದರೆ ಗಿಟಾರು. ಗೇಟಿಗೆ ಬಳಿಯುವ ಕೆಂಪು ಬಣ್ಣ ಮೆತ್ತಿದ್ದರು. ಕುತ್ತಿಗೆ ಕುಡುಗೋಲಿನ ಹಾಗೆ ಬಾಗಿತ್ತು. ಒಂದೇ ತಂತಿ ಉಳಿದಿತ್ತು.

"ಯಾವ ಕಂಪನಿದ್ರಿ ಇದು?" ಅಂದೆ.

"ಕಂಪನಿ ಗಿಂಪನಿ ನಮಗ ತಿಳಿಯಂಗಿಲ್ರಿ ಅಕ್ಕಾರ. ಕಟಗಿನೂ ಐತಿ, ಕಬ್ಬಣನೂ ಐತಿ. ನಿಮಗ ಯಾವ ತೂಕದಾಗ ಬೇಕು ಹೇಳ್ರಿ" ಅಂದ ಗುಜರಿಯವನು.

ಮನೆಗೆ ತಂದು ಒರೆಸಿದೆ. ತಲೆಯ ಮೇಲೆ ಹೆಸರಿನ ತಗಡು ಇದ್ದ ಜಾಗದಲ್ಲಿ ಸ್ಕ್ರೂ ತೂತುಗಳು ಮಾತ್ರ. ಹಿಂದಿನ ನಂಬರನ್ನು ಯಾರೋ ಕೆರೆದಿದ್ದರು. ಮುಂದಿನ ತಟ್ಟೆ ಬಿಚ್ಚಿದೆ: ಧೂಳು, ಜೇಡರ ಬಲೆ, ಕತ್ತರಿಸಿದ ವೈರುಗಳು. ಗುಂಡಿಗಳಿರಲಿಲ್ಲ, ಅವು ಕೂರುವ ಕಡ್ಡಿಗಳು ಮಾತ್ರ ಬೋಳಾಗಿ ನಿಂತಿದ್ದವು. ಎಲ್ಲದರ ಫೋಟೋ ತೆಗೆದು ಹೈದರಾಬಾದಿನ ಅಂಗಡಿಗಳಿಗೆ, ಗಿಟಾರ್ ಹುಚ್ಚರ ಗುಂಪುಗಳಿಗೆ ಕಳಿಸಿದೆ. ಒಬ್ಬ ಜಪಾನಿನದು ಅಂದ. ಒಬ್ಬ ರಷ್ಯಾ ಅಂದ. ಇನ್ನೊಬ್ಬ ಕಲ್ಕತ್ತಾದ ಬಡಗಿ ಮಾಡಿದ್ದು ಅಂದ. ಮತ್ತೊಬ್ಬ ಮಹಾಶಯ, "ಬಾಗಿಲ ಚೌಕಟ್ಟಿನ ಕಟ್ಟಿಗೆ ಇದ್ದಂತಿದೆ, ಬಾಗಿಲನ್ನೇ ಮಾಡಿಸಿ" ಅಂದ. ನನಗೆ ಮಾತ್ರ ಒಂದೇ ಯೋಚನೆ. ಸಿಂಧನೂರಿನಲ್ಲಿ ಕಳೆದದ್ದು ಸಿಂಧನೂರಿನಲ್ಲೇ ಸಿಕ್ಕಿದೆಯೇನೋ? ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ. ಗೋಣಿಚೀಲದಲ್ಲಿ ಸುತ್ತಿಕೊಂಡು ಮಸ್ಕಿಯ ಬಸ್ಸು ಹತ್ತಿದೆ. ಮೇಲೆ ಹಾಕಿ ಅಂದ ಕಂಡಕ್ಟರನ ಜೊತೆ ಜಗಳಾಡಿ ತೊಡೆಯ ಮೇಲೇ ಇಟ್ಟುಕೊಂಡೆ.

ಕಾಕಾ ಮೂಸಿದ. ಉಗುರಿನಿಂದ ಬಡಿದ. ದವಡೆಗೆ ಒತ್ತಿಕೊಂಡು ಇದ್ದ ಒಂದು ತಂತಿ ಮೀಟಿ ಕಣ್ಣು ಮುಚ್ಚಿದ. ನನಗೆ ತಡೆಯಲಾಗಲಿಲ್ಲ.

"ಕಾಕಾ, ಅಪ್ಪಂದ ಇರಬಹುದೇನು?"

ಕಣ್ಣು ತೆರೆಯಲು ಬಹಳ ಹೊತ್ತು ಹಿಡಿಯಿತು. ತೆರೆದಾಗ ನನ್ನನ್ನು ನೋಡಲಿಲ್ಲ, ಗಿಟಾರನ್ನೇ ನೋಡುತ್ತಾ ಅಂದ: "ಬಿಟ್ಟ ಹೋಗು. ಬಣ್ಣ ಕೆರದ ಮ್ಯಾಲೆ ಹೇಳ್ತೀನಿ."

ಆಮೇಲಿನ ದಿನಗಳು ನನ್ನ ಬದುಕಿನಲ್ಲಿ ಹಬ್ಬದ ಹಾಗಿದ್ದವು, ಸುಳ್ಳಾಡಬಾರದು. ಐತಾರಕ್ಕೊಮ್ಮೆ ಹೋಗಿ ಕೂರುತ್ತಿದ್ದೆ. ಬಾಗಿದ ಕುತ್ತಿಗೆಗೆ ಹಸಿ ಬಟ್ಟೆ ಸುತ್ತಿ, ಇಸ್ತ್ರಿಪೆಟ್ಟಿಗೆ ಕಾಯಿಸಿ ಒತ್ತಿ, ಹಲಗೆಗೆ ಬಿಗಿದು ದಿನಗಟ್ಟಲೆ ಬಿಟ್ಟ. ಬಿರುಕಿಗೆ ಸಾಗವಾನಿ ಪುಡಿ, ಅಂಟು ಕಲಸಿ ತುಂಬಿದ. ತಂತಿಯ ಅದುರು ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಪಿಕಪ್ ಒಳಗೆ ಸುಟ್ಟುಹೋಗಿತ್ತು. ಪಂಪ್‌ಸೆಟ್ ಮೋಟಾರು ಸುತ್ತುವವರ ಅಂಗಡಿಯಿಂದ ಸುತ್ತುವ ಯಂತ್ರ ಕೇಳಿ ತಂದು, ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಸುತ್ತಿದ. ಸುತ್ತುಗಳನ್ನು ಗಟ್ಟಿಯಾಗಿ ಎಣಿಸುವನು, ಯಾರಾದರೂ "ಕಾಕಾ, ನಮ್ಮ ಮಿಕ್ಸರ್ ಆತೇನು?" ಅಂದರೆ ಲೆಕ್ಕ ತಪ್ಪಿ ಅವರ ಏಳು ತಲೆಮಾರು ಬೈಯುವನು. ಬಣ್ಣ ಕೆರೆಯಲು ಮಾತ್ರ ನನಗೆ ಕೊಡಲಿಲ್ಲ. "ಅದು ನಿನ್ನ ಕೆಲಸಲ್ಲ. ಮುಂದಿನ ಐತಾರ ಬಾ" ಅಂದ. ಮುಂದಿನ ಐತಾರ ಹೋದಾಗ ಕೆಂಪು ಹೋಗಿತ್ತು, ಒಳಗಿಂದ ಬಿಳಿ ಬಂದಿತ್ತು. ಹಳೆಯದಾಗಿ ತುಸು ಹಳದಿ ತಿರುಗಿದ ಬಿಳಿ.

ಅವನು ಬಾಯಲ್ಲಿ ಏನೂ ಹೇಳಲಿಲ್ಲ. ತಾನೇ ಸಿಂಧನೂರಿಗೆ ತಂದು, ಅವ್ವನ ಮುಂದೆ ಚಾಪೆಯ ಮೇಲೆ ಮಲಗಿಸಿ, ಬಟ್ಟೆ ಸರಿಸಿದ. ಅದರ ಮೇಲೆ ಕಂದು ಬಣ್ಣದ ಗುಂಡಿ ಇತ್ತು, ಸುತ್ತ ಹಿತ್ತಾಳೆಯ ಬಳೆ.

ಅವ್ವನ ಕೈ ನೇರ ಗುಂಡಿಗೆ ಹೋಯಿತು. "ಯವ್ವಾ! ಇದು ಎಲ್ಲಿತ್ತೋ ತಮ್ಮಾ?"

"ಒಳಗ ಬಿದ್ದಿತ್ತು ವೈನಿ, ತಟ್ಟಿ ಕೆಳಗ. ನಿಮ್ಮ ಮನಿದು ನಿಮ್ಮ ಮನಿಗೆ ಬಂದೈತಿ, ತಗೋರಿ."

ತಟ್ಟೆ ಬಿಚ್ಚಿ ನೋಡಿದವಳು ನಾನೇ ಅಲ್ಲವೇ ಅಂತ ಒಂದು ಕ್ಷಣ ಹೊಳೆಯಿತು. ಸರಿಯಾಗಿ ನೋಡಿರಲಿಕ್ಕಿಲ್ಲ ಅಂದುಕೊಂಡೆ. ದಿನವೆಲ್ಲ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವವಳು ನನ್ನ ಕಣ್ಣನ್ನು ಬಿಟ್ಟು ಅವನ ಮಾತು ನಂಬಿದೆ. ಅವ್ವ ಅಳುತ್ತಿದ್ದಳು, ನಗುತ್ತಿದ್ದಳು. ಆ ಹೊತ್ತಿನಲ್ಲಿ ಯಾರು ಅನುಮಾನ ಪಡುತ್ತಾರೆ? ನುಡಿಸಿ ತೋರಿಸಿದೆ. ಅವ್ವ ತಲೆ ವಾಲಿಸಿ ಕೇಳಿದಳು. "ದನಿ ಸ್ವಲ್ಪ ಬ್ಯಾರೆ ಆಗ್ಯಾದ. ಪಡಸಿ ಹೋಗ್ಯಾದ" ಅಂದಳು. "ಹಳೆ ಸುತ್ತು ಸುಟ್ಟಿತ್ತು ವೈನಿ, ಹೊಸದಾಗಿ ಸುತ್ತೀನಿ" ಅಂದ ಕಾಕಾ.

ಸುದ್ದಿ ಮಸ್ಕಿ, ಸಿಂಧನೂರು, ಲಿಂಗಸುಗೂರು ಮೂರೂ ಊರಿಗೆ ಹಬ್ಬಿತು. ಆ ವರ್ಷ ಲಿಂಗಸುಗೂರಿನ ಜಯಂತಿಯಲ್ಲಿ ನಾನು ಆ ಗಿಟಾರು ನುಡಿಸಿದೆ. ಕಾಕಾನಿಗೆ ಶಾಲು ಹೊದಿಸಿದರು. ಮೈಕಿನ ಮುಂದೆ ನಿಂತು, "ಗೆಳೆಯನ ಋಣ ಇವತ್ತ ತೀರ್ತು" ಅಂತ ಗಳಗಳ ಅತ್ತ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನು. ಮನೆಯಲ್ಲಿ ಅವ್ವ ಗಿಟಾರನ್ನು ಅಪ್ಪನ ಫೋಟೋದ ಪಕ್ಕ ತೂಗುಹಾಕಿಸಿದಳು. ಸಂಜೆ ಬುದ್ಧನ ಮುಂದೆ ಮೇಣಬತ್ತಿ ಹಚ್ಚಿ ಬಂದವಳೇ ಸೆರಗಿನ ತುದಿಯಿಂದ ಆ ಗುಂಡಿ ಒರೆಸುವುದು ಅವಳಿಗೆ ರೂಢಿಯಾಯಿತು.

ಮರುವರ್ಷ ಗಿಟಾರು ಕರಕರ ಅನ್ನತೊಡಗಿತು. ಅಷ್ಟರಲ್ಲಿ ಕಾಕಾನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಸಣ್ಣ ಕೆಲಸ, ನಾನೇ ಮಾಡೋಣ ಅಂತ ತಟ್ಟೆ ಬಿಚ್ಚಿದೆ. ವೈರುಗಳ ಹಿಂದೆ, ಮೂಲೆಯಲ್ಲಿ, ಒಂದು ಕುಂಕುಮದ ಬೊಟ್ಟು.

ಮೊದಲು ನಗು ಬಂತು. ಅಯ್ಯೋ ಕಾಕಾನ ಕೈ ಅಂದುಕೊಂಡೆ. ನಗು ಬಾಯಲ್ಲಿದ್ದ ಹಾಗೇ ಲುಂಗಿಗೆ ಬೆರಳು ಒರೆಸಿಕೊಂಡ ಕತೆ ನೆನಪಾಯಿತು. ಅಪ್ಪನ ಗಿಟಾರೇ ಆಗಿದ್ದರೆ ಆ ಬೆರಳು ಹಿಂದಕ್ಕೆ ಹೋಗಬೇಕಿತ್ತು. ಯಾವಾಗಲೂ ಹೋಗಿತ್ತಲ್ಲ. ಈ ಸಲ ಹೋಗಲಿಲ್ಲ, ಯಾಕೆಂದರೆ ಇದು ಯಾರದೋ ಗಿಟಾರು ಅಂತ ಕೈಗೆ ಗೊತ್ತಿತ್ತು. ಫೋನು ತೆಗೆದು, ಅಂದು ಕಂಪನಿ ಪತ್ತೆಗೆಂದು ತೆಗೆದ ಫೋಟೋ ದೊಡ್ಡದು ಮಾಡಿ ನೋಡಿದೆ. ತಟ್ಟೆಯ ಕೆಳಗಿನ ಇದೇ ಗುಳಿ. ಧೂಳು, ಬಲೆ, ವೈರು. ಗುಂಡಿ ಇಲ್ಲ. ಹಾಗಾದರೆ ಅಪ್ಪನ ಗುಂಡಿ ಎಲ್ಲಿಂದ ಬಂತು? ಬಸ್ಸಿನ ಮೇಲಿಂದ ಗಿಟಾರು ಕದ್ದ ಕಳ್ಳ ಗುಂಡಿ ಬಿಚ್ಚಿ ಕಾಕಾನ ಕೈಗೆ ಕೊಟ್ಟು ಹೋದನೇ?

"ರಿಪೇರಿ ಆತೇನವ್ವ?" ಅಡುಗೆಮನೆಯಿಂದ ಅವ್ವ ಕೇಳಿದಳು. ತಟ್ಟೆ ಮುಚ್ಚಿ ಸ್ಕ್ರೂ ಬಿಗಿದೆ. "ಆತವ್ವಾ" ಅಂದೆ. ಅದು ನನ್ನ ಮೊದಲ ಸುಳ್ಳು.

ಮಸ್ಕಿಗೆ ಹೋದೆ. ಕಾಕಾ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊರಸಿನ ಮೇಲೆ ಕೂತಿದ್ದ. ಅವನ ಹೆಂಡತಿ ಚಹಾ ಇಟ್ಟು ಹೊರಗೆ ಹೋದಳು.

"ಕಾಕಾ, ಗಿಟಾರ್ ಒಳಗ ಬೊಟ್ಟ ಐತಿ" ಅಂದೆ.

"ನಾ ಮುಟ್ಟಿದ್ದಂದ್ರ ಬೊಟ್ಟ ಇರಾಕಬೇಕಲ್ಲ ಮಗಳ" ಅಂತ ನಕ್ಕ.

"ಅಪ್ಪನ ಗಿಟಾರಿಗೆ ನೀ ಇಡ್ತಿರಲಿಲ್ಲ."

ನಗು ಅಲ್ಲೇ ನಿಂತಿತು. ಎಡಗೈಯಿಂದ ಬಲಗೈಯ ಸತ್ತ ಬೆರಳುಗಳನ್ನು ಬಿಡಿಸಿ ನೋಡಿದ. "ಈ ಹಾಳ ಕೈ" ಅಂದ. ಆಮೇಲೆ ಹೇಳಿದ. ಕೇಳದೇ ಇದ್ದದ್ದನ್ನೂ ಹೇಳಿದ.

"ಬಸ್ಸಿಗೆ ಹಾಕಿರಲಿಲ್ಲ ಮಗಳ. ಎಲ್ಲಿಗೂ ಒಯ್ದಿರಲಿಲ್ಲ. ಸಿಂಧನೂರ ಬ್ಯಾಂಡಿನವಂದು ಮದುವಿ ಹೊತ್ತಿನಾಗ ಪಿಕಪ್ ಸುಟ್ಟಿತ್ತು. ಎರಡ ದಿನ ನಿಮ್ಮಪ್ಪನ ಗಿಟಾರಿಂದು ಹಾಕಿ ವಾಪಸ್ ತಗೀತೀನಿ ಅಂದ್ಕೊಂಡೆ. ಅದು ಅಲ್ಲೇ ಕುಂತುಬಿಡ್ತು. ಪಿಕಪ್ ಇಲ್ಲದ್ದು ಹೆಂಗೂ ನುಡಿಯಂಗಿಲ್ಲ ಅಂತ ಹಟ್ಟಿ ಚರ್ಚಿನವರಿಗೆ ಕಿವಿ ಹಾಕಿ ಕೊಟ್ಟೆ." ತಂತಿ ಬಿಗಿಯುವ ಬಿರಡೆಗಳಿಗೆ ಅವನು ಕಿವಿ ಅನ್ನುತ್ತಿದ್ದ. "ಕಿವಿ ಇಲ್ಲದ ಕುತ್ತಿಗಿ ಇಟಗೊಂಡು ಏನ ಮಾಡ್ಲಿ? ಲಿಂಗಸುಗೂರ ಮೇಳದವರ ಗಿಟಾರಿಗೆ ಅದು ಕುಂತಿತು."

"ಕಟಗಿ?"

"ಆಂಪ್ಲಿಫೈಯರ್ ಪೆಟಗಿಗೆ ಹಲಗಿ ಬೇಕಿತ್ತು." ತಲೆ ಎತ್ತಲಿಲ್ಲ. "ಕೊನಿಗೆ ಗುಂಡಿ ಒಂದ ಉಳೀತು. ಅದು ಯಾವ ಗಿಟಾರಿಗೂ ಹೊಂದಲಿಲ್ಲ."

ಅವನು ಕುಡಿದು ಮಾರಿದ್ದರೆ, ಯಾವನಿಗೋ ಹೆದರಿ ಕೊಟ್ಟಿದ್ದರೆ, ಸಿಟ್ಟಾದರೂ ಒಂದು ಕಡೆ ನಿಲ್ಲುತ್ತಿತ್ತು. ಇದು ಹಾಗಲ್ಲ. ಅಪ್ಪನ ಗಿಟಾರನ್ನು ಅವನು ತನ್ನ ಮೇಜಿನ ಮೇಲಿನ ಇನ್ನೊಂದು ಕೆಟ್ಟ ರೇಡಿಯೋ ಮಾಡಿಬಿಟ್ಟಿದ್ದ. ಆಮೇಲೆ ಬಂದು ನಮ್ಮವ್ವನ ಕೈಯ ರೊಟ್ಟಿ ತಿಂದಿದ್ದ. ನಾನು ಬಾಯಿಬಿಟ್ಟು "ಅಪ್ಪಂದ ಇರಬಹುದೇನು" ಅಂದಾಗ, ನನ್ನ ಆಸೆಗೇ ಬಿಳಿ ಬಣ್ಣ ಬಳಿದು, ಗುಂಡಿ ಸಿಕ್ಕಿಸಿ ನನ್ನ ಕೈಗೆ ಕೊಟ್ಟಿದ್ದ. ಋಣ ತೀರಿತಂತೆ!

ಕಾಕಾ ಮೆಲ್ಲಗೆ ಮುಖ ಎತ್ತಿದ. ಸುಳ್ಳು ಹೇಳುವುದಿಲ್ಲ, ಅವನ ಮುಖದಲ್ಲಿ ಹೆಮ್ಮೆಯ ಒಂದು ಎಳೆ ಇತ್ತು. "ಎಲ್ಲಾ ನುಡ್ಯಾಕತ್ಯಾವ ಮಗಳ. ಯಾವ್ದೂ ಹಾಳಾಗಿಲ್ಲ. ಒಂದು ಸತ್ತರ ನಾಕು..."

"ಸತ್ತಿರಲಿಲ್ಲ ಕಾಕಾ" ಅಂದೆ. ನನ್ನ ದನಿ ಹೊರಗೆ ಗೊಬ್ಬರದ ಅಂಗಡಿಯವರೆಗೂ ಕೇಳಿರಬೇಕು. "ಅಪ್ಪ ಸತ್ತಿದ್ದ. ಗಿಟಾರ್ ಸತ್ತಿರಲಿಲ್ಲ."

ಅವನು ಅತ್ತ. ಮೊದಲು ಎರಡು ಸಲ ಅತ್ತದ್ದನ್ನು ನೋಡಿದ್ದೆ, ಈಗ ಯಾವುದು ನಿಜವೆಂದು ನೋಡುವ ಮನಸ್ಸಾಗಲಿಲ್ಲ. ಎದ್ದು ನಿಂತೆ.

"ನಿಮ್ಮವ್ವಗ ಹೇಳ್ತಿಯೇನ?" ಅಂದ. "ನನ್ನ ಸಲುವಾಗಿ ಅಲ್ಲ. ಆಕಿ ಸಲುವಾಗಿ ಹೇಳಬ್ಯಾಡ."

ಚಹಾ ಕುಡಿಯದೆ ಬಂದೆ. ಅವನು ಬದುಕಿರುವವರೆಗೆ ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಅವ್ವ ಮಾತ್ರ, "ಮೈಯಾಗ ಆರಾಮಿಲ್ಲ, ನಿಮ್ಮಪ್ಪನ ಗಿಟಾರ್ ತಂದ ಕೊಟ್ಟಾವ, ಎಂಥ ಕಲ್ಲ ಮನಸ ನಿಂದು" ಅಂತ ವಾರಕ್ಕೊಮ್ಮೆ ಬೈಯುತ್ತಿದ್ದಳು. ಬೈಸಿಕೊಂಡೆ. ಸಂಜೆ ಅವಳು ಸೆರಗಿನಿಂದ ಗುಂಡಿ ಒರೆಸುವುದನ್ನು ನೋಡುತ್ತಾ ಏನು ಹೇಳಲಿ? ಕದ್ದವನು ಅವನು, ಕಾವಲು ಕಾಯುವವಳು ನಾನು. ಗಿಟಾರು ಮುರಿದದ್ದನ್ನಾದರೂ ಒಂದು ದಿನ ಮರೆತೇನು, ಅವ್ವನ ಮುಂದೆ ನನ್ನನ್ನು ತನ್ನ ಸುಳ್ಳಿನ ಪಾಲುದಾರಳನ್ನಾಗಿ ಮಾಡಿದ್ದನ್ನು ಮರೆಯಲಾರೆ.

ನುಡಿನಮನದ ದಿನ ಅವ್ವ ಹಟ ಹಿಡಿದು ಬಂದಳು. ಮಸ್ಕಿಯ ಸಭಾಂಗಣದಲ್ಲಿ ಮೊದಲ ಸಾಲಿನಲ್ಲೇ ಕೂತಳು. ಕಾಕಾ ರಿಪೇರಿ ಮಾಡಿದ ವಾದ್ಯಗಳೆಲ್ಲ ಸೇರಿ ಒಂದು ಹಾಡು ನುಡಿಸಬೇಕೆಂದು ಯಾರೋ ಹೂಡಿದ್ದರು. ವೇದಿಕೆ ಹತ್ತಿ ಅಕ್ಕಪಕ್ಕ ನೋಡಿದೆ. ಎಡಕ್ಕೆ ಸಿಂಧನೂರಿನ ಬ್ಯಾಂಡಿನವನು, ಅವನ ನೀಲಿ ಗಿಟಾರಿನಲ್ಲಿ ಅಪ್ಪನ ಬಿಳಿಯ ಪಿಕಪ್ಪು. ಬಲಕ್ಕೆ ಹಟ್ಟಿಯ ಚರ್ಚಿನವರು, ಹಿಂದೆ ಲಿಂಗಸುಗೂರಿನ ಮೇಳದವರು. ಬಿರಡೆ, ಕುತ್ತಿಗೆ, ಎಲ್ಲವೂ ಬಂದಿದ್ದವು. ಕೆಳಗೆ ಕಾಕಾನ ಆಂಪ್ಲಿಫೈಯರು, ಬಹುಶಃ ಅದೇ ಹಲಗೆ. ಅಪ್ಪನ ಗಿಟಾರೆಲ್ಲ ಆ ವೇದಿಕೆಯ ಮೇಲಿತ್ತು, ನನ್ನ ಕೈಯೊಂದನ್ನು ಬಿಟ್ಟು. ನನ್ನ ಕೈಯಲ್ಲಿದ್ದದ್ದು ಯಾರದೋ, ಯಾವ ಕಂಪನಿಯದೋ ಇವತ್ತಿಗೂ ಗೊತ್ತಿಲ್ಲದ ಒಂದು ಕಟ್ಟಿಗೆ, ಅದರ ಮೇಲೆ ಒಂದು ರೇಡಿಯೋ ಗುಂಡಿ.

"ಮೇಡಮ್ಮಾರು ಮೊದಲು ಎರಡು ಮಾತು..." ಅಂದರು. ಬೇಡ ಅಂತ ತಲೆಯಾಡಿಸಿದೆ. ದುಃಖಕ್ಕೆ ಮಾತು ಬರುತ್ತಿಲ್ಲ ಅಂದುಕೊಂಡು ಜನ ಲೊಚಗುಟ್ಟಿದರು.

ಹಾಡು ಶುರುವಾಯಿತು. ಕಿರುಬೆರಳನ್ನು ಗುಂಡಿಯ ಮೇಲಿಟ್ಟೆ, ಅಪ್ಪ ಇಡುತ್ತಿದ್ದ ಹಾಗೆ. ಪೂರ್ತಿ ಕೆಳಗಿಳಿಸಿಬಿಟ್ಟೆ. ನನ್ನ ಗಿಟಾರು ಮೂಕಾಯಿತು. ಬೆರಳು ಸುಮ್ಮನೆ ತಂತಿಗಳ ಮೇಲೆ ಓಡಿಸುತ್ತಾ ನಿಂತು ಕೇಳಿದೆ. ಎಡಗಡೆಯಿಂದ ಬಂತು ಅದು, ಮೂಗಿನಲ್ಲಿ ಮಾತಾಡಿದ ಹಾಗೆ, ನೆಗಡಿ ಬಂದು ಎದ್ದವರ ಹಾಗೆ. ತಲೆ ಎತ್ತಿ ನೋಡಿದರೆ ಹಾಡಿನುದ್ದಕ್ಕೂ ಅವ್ವ ನನ್ನ ಕೈಯನ್ನೇ ನೋಡುತ್ತಿದ್ದಳು. ಬಾಯಿಗೆ ಸೆರಗು ಹಿಡಿದಿದ್ದಳು.

ವಾಪಸು ಬಸ್ಸಿನಲ್ಲಿ ಗಿಟಾರನ್ನು ನಮ್ಮಿಬ್ಬರ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದೆವು. ಊರು ದಾಟಿದ ಮೇಲೆ ಅವ್ವ ಗುಂಡಿಯ ಮೇಲೆ ಕೈಯಿಟ್ಟು ಅಂದಳು:

"ಇವತ್ತ ಬಂತು ನೋಡು ನಿಮ್ಮಪ್ಪನ ದನಿ. ಅದ ಪಡಸಿ. ಇಷ್ಟ ದಿನ ಎಲ್ಲಿ ಹೋಗಿತ್ತವ್ವ ಅದು?"

"ಒಳಗ ಇತ್ತವ್ವಾ" ಅಂದೆ.